ಬಣ್ಣ ಬಳಿಯದ ಹತ್ತು ತೋಟಾ

ಸಾರಕ್ಕಿ
ಭಾನುವಾರ, ರಾತ್ರಿ

ಸಂಜೀವಣ್ಣ,

ನನ್ನ ಫೋನ್ ನೀವು ಎತ್ತುವುದಿಲ್ಲ. ಐದು ತಿಂಗಳಾಯಿತು. ಮೊದಮೊದಲು ದಿನಕ್ಕೆರಡು ಸಲ ಮಾಡುತ್ತಿದ್ದೆ, ಆಮೇಲೆ ವಾರಕ್ಕೊಮ್ಮೆ, ಈಗ ಮಾಡುವುದನ್ನೇ ಬಿಟ್ಟಿದ್ದೇನೆ. ಇಲ್ಲಿಂದ ನೀವು ಈಗಿರುವ ತಲಘಟ್ಟಪುರಕ್ಕೆ ಮೆಟ್ರೋದಲ್ಲಿ ಕಾಲು ಗಂಟೆಯ ದಾರಿ. ಎರಡು ಸಲ ನಿಮ್ಮ ಮಗಳ ಮನೆಯ ಗೇಟಿನವರೆಗೆ ಬಂದಿದ್ದೆ. ಒಳಗೆ ಮಗು ಅಳುವುದು, ನೀವು ಅದಕ್ಕೆ ಏನೋ ಹೇಳಿ ಸಮಾಧಾನ ಮಾಡುವುದು ಕೇಳಿಸಿತು. ಹಾಗೇ ತಿರುಗಿ ಬಂದೆ. ಎದುರು ನಿಂತರೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲವೆಂದು ಗೊತ್ತಾಗಿ ಈ ಕಾಗದ ಹಿಡಿದು ಕೂತಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಅದು ನನಗೆ ಬೇರೆ ಕಡೆಯಿಂದ ತಿಳಿಯುತ್ತಿದೆ; ಹೇಗೆ ಎಂಬುದನ್ನೂ ಇದರಲ್ಲೇ ಹೇಳುತ್ತೇನೆ.

ನಾನು ನಿಮ್ಮ ಕೈಗೆ ಸಿಕ್ಕಿದ ದಿನ ನಿಮಗೆ ನೆನಪಿರಬಹುದು. ಎಟಿಎಂಗಳಿಗೆ ದುಡ್ಡು ತುಂಬುವ ವ್ಯಾನಿಗೆ ನಾನು ಗನ್‌ಮ್ಯಾನ್ ಆಗಿ ಸೇರಿ ಎರಡು ತಿಂಗಳಾಗಿತ್ತು. ವರ್ಷದ ಫೈರಿಂಗ್ ಪರೀಕ್ಷೆಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ಮೊದಲ ಎರಡು ಗುಂಡು ಹೇಗೋ ಹಾರಿಸಿದೆ. ಜೋಡುನಳಿಗೆಯ ಬಂದೂಕನ್ನು ನಡುವೆ ಮುರಿದು ತೆರೆದು ಮತ್ತೆರಡು ತೋಟಾ ತುಂಬಬೇಕಾದಾಗ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಒಂದು ತೋಟಾ ಮಣ್ಣಿಗೆ ಬಿತ್ತು, ಇನ್ನೊಂದನ್ನು ತಿರುಗಾಮುರುಗಾ ತೂರಿಸಲು ನೋಡಿದೆ. ಪರೀಕ್ಷೆ ಮಾಡುತ್ತಿದ್ದವರು ಗಡಿಯಾರ ನೋಡುವುದನ್ನು ಬಿಟ್ಟು ನಗುತ್ತಾ ನಿಂತರು. ವಾಪಸ್ ಬರುವಾಗ ವ್ಯಾನಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ನೀವು ಬಂದು ಕೂತಿರಿ. "ಭಾನುವಾರ ಮನೆಗೆ ಬಾ, ಶಿವು. ಗನ್ ನಂದಿದೆ, ನೀನು ಬರೀ ಕೈ ತಗೊಂಡ್ ಬಾ" ಅಂದಿರಿ.

ಸಾರಕ್ಕಿಯ ಹಳೇ ಊರಿನ ಸಂದಿಯಲ್ಲಿ, ಮೊದಲನೇ ಮಹಡಿಯ ನಿಮ್ಮ ಆ ಮನೆ. ಒಳಗೆ ಕಾಲಿಟ್ಟ ಕೂಡಲೇ ನೀವು ಮಾಡಿದ ಮೊದಲ ಕೆಲಸವೆಂದರೆ ನಿಜವಾದ ತೋಟಾಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಟ್ರಂಕನ್ನು ಮಲಗುವ ಕೋಣೆಗೆ ಸಾಗಿಸಿ, ಬೀಗದ ಕೈಯನ್ನು ನಿಮ್ಮ ಮನೆಯಾಕೆ ವಿಮಲಕ್ಕನಿಗೆ ಕೊಟ್ಟದ್ದು. ಅದಾದ ಮೇಲೇ ಅಭ್ಯಾಸಕ್ಕೆಂದು ಮಾಡಿದ ಸುಳ್ಳು ತೋಟಾಗಳ, ಡಮ್ಮಿಗಳ ಡಬ್ಬ ಹೊರಗೆ ಬಂತು. ನಿಜದ್ದೂ ಡಮ್ಮಿಯೂ ಒಂದೇ ಕೋಣೆಯಲ್ಲಿ ಒಂದು ಕ್ಷಣವೂ ಇರಕೂಡದು ಎಂದು ಹೇಳಿದಿರಿ. ಆ ಮಾತನ್ನು ಹೇಳುವಾಗ ನಿಮ್ಮ ಮುಖದಲ್ಲಿ ನಗು ಇರಲಿಲ್ಲ.

ಡಮ್ಮಿ ಮಾಡುವುದನ್ನೂ ನೀವೇ ಕಲಿಸಿದಿರಿ. ಪರೀಕ್ಷೆಯಲ್ಲಿ ಹಾರಿಸಿ ಎಸೆದ ಖಾಲಿ ತೋಟಾಗಳನ್ನು ಕೇಳಿ ತರುತ್ತಿದ್ದಿರಿ. ಹಿಂಭಾಗದಲ್ಲಿ ಕಿಡಿ ಹೊತ್ತಿಸಿ ಸುಟ್ಟುಹೋದ ಕೇಪನ್ನು ಮೊಳೆಯಿಂದ ಹೊಡೆದು ತೆಗೆದು, ಆ ಜಾಗಕ್ಕೆ ಶಾಲೆಯ ಮಕ್ಕಳ ರಬ್ಬರನ್ನು ದುಂಡಗೆ ಕತ್ತರಿಸಿ ಕೂರಿಸುವುದು. ಟ್ರಿಗರ್ ಒತ್ತಿದಾಗ ಗನ್ನಿನ ಮುಳ್ಳು ಅದರ ಮೇಲೆ ಬಡಿದರೆ ಸಿಡಿಯುವುದೂ ಇಲ್ಲ, ಮುಳ್ಳಿಗೂ ಪೆಟ್ಟಾಗುವುದಿಲ್ಲ. ಒಳಗೆ ಜರಡಿ ಹಿಡಿದ ಮರಳು. ಬೀದಿ ಕೊನೆಯ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ನಿಜವಾದ ತೋಟಾದಷ್ಟೇ ಭಾರ ಬರುವವರೆಗೆ ಮರಳು ಹಾಕಿ ತೆಗೆದು ಮಾಡುವುದು. ಬಾಯಿಯನ್ನು ಹಳೇ ಮಡಿಕೆಯ ಗುರುತಿನ ಮೇಲೇ ಮಡಿಚಿ ಮೇಣದಿಂದ ಮುಚ್ಚುವುದು. ಕೊನೆಗೆ ಮೈಯಲ್ಲಿ ಆರಪಾರ ಒಂದು ಸಣ್ಣ ತೂತು ಕೊರೆದು ಅದಕ್ಕೂ ಮೇಣ ತುಂಬಿ, ಪೂರ್ತಿ ಹಳದಿ ಬಣ್ಣ ಬಳಿಯುವುದು. ಕಣ್ಣಿಗೂ ಗೊತ್ತಾಗಬೇಕು, ಕತ್ತಲಾದರೆ ಬೆರಳಿಗೂ ಗೊತ್ತಾಗಬೇಕು ಎನ್ನುತ್ತಿದ್ದಿರಿ.

ವರ್ಷಕ್ಕೆ ಐದು ಗುಂಡು ಹಾರಿಸಿದರೆ ಯಾರಿಗೂ ಕೈ ಕೂರುವುದಿಲ್ಲ. ಆ ಹಳದಿ ಡಮ್ಮಿಗಳಿಂದ ನನ್ನ ಕೈ ಕೂತಿತು. ನೆಲಕ್ಕೆ ದಪ್ಪ ರಗ್ಗು ಹಾಸಿ, ಕಿಟಕಿಯ ಪರದೆ ಎಳೆದು, ಪ್ರತಿ ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಒಂದು ಗಂಟೆ ಹೊತ್ತು. ನಳಿಗೆ ಮುರಿ, ಎರಡನ್ನೂ ಎಳೆ, ಬೆಲ್ಟಿನಿಂದ ಎರಡು ತೆಗೆ, ತೂರಿಸು, ಮುಚ್ಚು, ಟ್ರಿಗರ್ ಒತ್ತು. ನೀವು ನಾಲ್ಕು ಸೆಕೆಂಡಿನಲ್ಲಿ ಮಾಡುತ್ತಿದ್ದಿರಿ, ನಾನು ಒಂಬತ್ತರಲ್ಲಿ. ಮಾರನೆಯ ವರ್ಷ ನಾನು ಐದಕ್ಕೆ ಇಳಿದೆ. ಪರೀಕ್ಷೆ ಮಾಡುವವರು ಆ ಸಲ ನಗಲಿಲ್ಲ. ಹುಟ್ಟಿದ ಮೇಲೆ ನನಗೆ ಒಂದು ಕೆಲಸವನ್ನು ಕೊನೆಯವರೆಗೂ ಕಲಿಸಿದವರು ನೀವೊಬ್ಬರೇ, ಅಣ್ಣ. ಇದನ್ನು ಎಂದೂ ನಿಮಗೆ ಹೇಳಿರಲಿಲ್ಲ.

ನಿಮ್ಮ ಕೈಯಿಂದ ಮೊದಲ ಡಮ್ಮಿ ಬಿದ್ದದ್ದು ಹೋದ ವರ್ಷದ ದೀಪಾವಳಿಯ ಆಸುಪಾಸು. ರಗ್ಗಿನ ಮೇಲೆ ದೊಪ್ ಎಂದಿತು. ಒಳಗೆ ವಿಮಲಕ್ಕ ಪಾತ್ರೆ ತೊಳೆಯುತ್ತಿದ್ದವರು ಆ ಸದ್ದಿಗೆ ಕೈ ನಿಲ್ಲಿಸಿದರು. ನಲ್ಲಿ ಮಾತ್ರ ಹರಿಯುತ್ತಿತ್ತು. "ಚಳಿ" ಎಂದು ಹೇಳಿ ನೀವು ಅಂಗೈ ಉಜ್ಜಿಕೊಂಡಿರಿ. ಚಳಿ ಹೋಯಿತು, ಬೇಸಿಗೆ ಬಂತು, ಡಮ್ಮಿ ಬೀಳುವುದು ನಿಲ್ಲಲಿಲ್ಲ. ಬಲಗೈಯ ಹೆಬ್ಬೆರಳು ಸುಮ್ಮನಿದ್ದಾಗಲೂ ತೋರುಬೆರಳನ್ನು ಉಜ್ಜುತ್ತಿರುತ್ತಿತ್ತು. ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯಲು ಶುರು ಮಾಡಿದಿರಿ. ನಾನು ನೋಡಿದೆ, ನೋಡದವನ ಹಾಗೆ ಇದ್ದೆ. ಹಿರಿಯರ ಮೈಯ ವಿಷಯ ಎತ್ತಬಾರದು ಎಂದುಕೊಂಡೆ. ಈಗ ಅನಿಸುತ್ತದೆ, ಅದು ಮರ್ಯಾದೆಯಲ್ಲ, ಪುಕ್ಕಲುತನ.

ಮಾರ್ಚಿನಲ್ಲಿ ಒಂದು ದಿನ ನೀವು ಹತ್ತು ಖಾಲಿ ತೋಟಾ ನನ್ನ ಕೈಗಿಟ್ಟು, ಇವನ್ನು ನೀನೇ ಮಾಡಿಕೊಡು, ನನಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದಿರಿ. ಆಮೇಲೆ ಬಾಗಿಲ ಬಳಿ ನಿಂತು, "ಬಣ್ಣ ಬಳೀಬೇಡ, ತೂತೂ ಬೇಡ. ಹಳದಿ ನೋಡಿದ್ರೆ ಕೈಗೆ ಡಮ್ಮಿ ಅಂತ ಗೊತ್ತಾಗ್ಬಿಡುತ್ತೆ. ಕೈಗೂ ಸ್ವಲ್ಪ ಭಯ ಇರ್ಲಿ" ಅಂದಿರಿ. ನೀವು ಕಲಿಸಿದ ಮೊದಲ ಪಾಠಕ್ಕೇ ಅದು ವಿರುದ್ಧವಾಗಿತ್ತು. ಆದರೂ ಕೇಳಲಿಲ್ಲ. ಎರಡು ಸಂಜೆ ಕೂತು ಮಾಡಿದೆ. ನನ್ನ ಮಗಳು ಲಿಖಿತಾ ತನ್ನ ರಬ್ಬರನ್ನು ಕತ್ತರಿಸಿದ್ದಕ್ಕೆ ಜಗಳ ತೆಗೆದಳು. ಅಷ್ಟು ಚೊಕ್ಕಟವಾದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ನಿಮ್ಮ ಮುಂದೆ ಇಟ್ಟಾಗ ಒಂದನ್ನು ಕೈಯಲ್ಲಿ ತೂಗಿ ನೋಡಿ, ನನ್ನ ಭುಜ ತಟ್ಟಿದಿರಿ. ನಾನು ಹಿಗ್ಗಿದೆ.

ಇನ್ನು ಆ ಜುಲೈ ತಿಂಗಳ ದಿನ. ಜೆಪಿ ನಗರದ ಆ ಎಟಿಎಂ, ಬೆಳಿಗ್ಗೆ ಹನ್ನೊಂದೂವರೆ. ಕ್ಯಾಶ್ ತುಂಬುವವರು ಒಳಗೆ ಯಂತ್ರದ ಬಾಗಿಲು ತೆರೆದಿದ್ದರು. ನಾನು ವ್ಯಾನಿನ ಹಿಂಬಾಗಿಲಲ್ಲಿ, ನೀವು ಎಟಿಎಂ ಬಾಗಿಲಲ್ಲಿ. ಎದುರಿನ ಫುಟ್‌ಪಾತಿನಿಂದ ಒಬ್ಬ ಹೆಂಗಸು ಓಡುತ್ತಾ ಬಂದಳು. ಹೆಲ್ಮೆಟ್ ಹಾಕಿಕೊಂಡೇ ಇದ್ದಳು, ಒಂದು ಕೈ ಬ್ಯಾಗಿನೊಳಗಿತ್ತು. ನಾನು ಕೂಗಿದೆ. ಹೆಲ್ಮೆಟ್ಟಿನೊಳಗೆ ಅವಳಿಗೆ ಕೇಳಿಸಲಿಲ್ಲ. ನೇರ ನಿಮ್ಮ ಮೇಲೇ ಬಂದಳು. ನೀವು ಗನ್ ಎತ್ತಿದಿರಿ. ನಿಮ್ಮ ಬಲಗೈ ಮೊಣಕೈವರೆಗೂ ಅದುರುತ್ತಿದ್ದದ್ದು ಹದಿನೈದು ಅಡಿ ದೂರದಿಂದ ಕಂಡಿತು. ಆಮೇಲೆ ಆ ಸದ್ದು ಬಂತು. ಬಸ್ಸು, ಆಟೋಗಳ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳಿಸಿರಲಾರದು. ಗನ್ನಿನ ಮುಳ್ಳು ರಬ್ಬರಿಗೆ ಬಡಿಯುವ ಮೊದ್ದು ಸದ್ದು. ನಿಮ್ಮ ಮನೆಯ ನಡುಮನೆಯಲ್ಲಿ ಸಾವಿರ ಸಲ ಕೇಳಿದ್ದೆ.

ಅವಳು ಹೆಲ್ಮೆಟ್ ತೆಗೆದು, "ಸಾರಿ ಅಂಕಲ್, ಕಾರ್ಡ್ ಒಳಗೇ ಬಿಟ್ಬಿಟ್ಟೆ" ಎಂದಳು. ನೀವು ನಳಿಗೆ ಕೆಳಗಿಳಿಸಿ, ಒಳಗಿನವರಿಗೆ ಹೇಳಿ, ಕಾರ್ಡಿನ ಮೇಲಿದ್ದ ಅಂಜನಾ ಎಂಬ ಹೆಸರನ್ನು ಅವಳ ಬಾಯಿಂದಲೂ ಕೇಳಿ ಖಾತ್ರಿ ಮಾಡಿಕೊಂಡು ಕೊಡಿಸಿದಿರಿ. ಅವಳು ನಿಮಗೆ ಕೈ ಮುಗಿದು ಸ್ಕೂಟರ್ ಹತ್ತಿ ಹೋದಳು. ನೀವು ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ವ್ಯಾನಿನ ಹಿಂದೆ ನಾವಿಬ್ಬರೇ ಉಳಿದಾಗ ಕೇಳಿದೆ. ಬೆಲ್ಟಿನಲ್ಲಿರುವುದೂ ಅವೇನಾ ಎಂದೆ. ಹೂಂ ಎಂದಿರಿ. ಎಷ್ಟು ದಿನದಿಂದ ಎಂದೆ. ನಾನು ಮಾಡಿಕೊಟ್ಟ ಮಾರನೆಯ ದಿನದಿಂದ. ನಾಲ್ಕು ತಿಂಗಳು. ನಿಜವಾದ ಹತ್ತೂ ಮನೆಯ ಟ್ರಂಕಿನಲ್ಲಿ, ಮರಳು ತುಂಬಿದ ಹತ್ತು ನಿಮ್ಮ ಸೊಂಟದಲ್ಲಿ. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಸೂಪರ್‌ವೈಸರ್ ಎಣಿಸುತ್ತಿದ್ದ, ಹತ್ತಿದ್ದವು, ರುಜು ಹಾಕುತ್ತಿದ್ದ. ನೀವು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಹೇಳಿದಿರಿ: "ಈ ಕೈ ನಂದಲ್ಲ ಕಣೋ ಈಗ. ಯಾವತ್ತು ಯಾರ ಮೇಲೆ ಒತ್ತಿಬಿಡುತ್ತೋ ಗೊತ್ತಿಲ್ಲ. ಕೆಲಸ ಬಿಟ್ರೆ ಇಎಸ್‌ಐ ಕಾರ್ಡ್ ಹೋಗುತ್ತೆ. ಕಾರ್ಡ್ ಹೋದ್ರೆ ವಿಮಲಂಗೆ ಡಯಾಲಿಸಿಸ್ ಎಲ್ಲಿ ಮಾಡಿಸ್ಲಿ? ಅದಕ್ಕೇ ಹೀಗ್ ಮಾಡ್ದೆ." ವಾರಕ್ಕೆ ಎರಡು ಸಲ ಅವರನ್ನು ಯಂತ್ರಕ್ಕೆ ಹಾಕುವುದು ನನಗೆ ಗೊತ್ತಿತ್ತು. ಅದು ನಿಮ್ಮ ಕೆಲಸದ ಕಾರ್ಡಿನ ಮೇಲೆ ನಿಂತಿದೆ ಎಂದು ಗೊತ್ತಿರಲಿಲ್ಲ.

ಹನ್ನೊಂದು ದಿನ ನಾನು ಯಾರಿಗೂ ಹೇಳಲಿಲ್ಲ. ಆ ಹನ್ನೊಂದು ದಿನದಲ್ಲಿ ನನಗೆ ನಿಮ್ಮ ಮೇಲೆ ಬಂದ ಸಿಟ್ಟನ್ನು ಈಗ ಬಚ್ಚಿಡುವುದಿಲ್ಲ. ನಾಲ್ಕು ತಿಂಗಳು ನಾನು ನನ್ನ ಬೆನ್ನನ್ನು ನಿಮಗೆ ಒಪ್ಪಿಸಿ ನಿಂತಿದ್ದೆ. ಹಿಂದೆ ಸಂಜೀವಣ್ಣ ಇದ್ದಾರೆ ಎಂಬ ಧೈರ್ಯದಿಂದ ಮುಂದೆ ನೋಡುತ್ತಿದ್ದೆ. ನಿಜವಾಗಿ ಯಾರಾದರೂ ಬಂದಿದ್ದರೆ? ಲಿಖಿತಾಗೆ ಆರು ವರ್ಷ. ಒಳಗೆ ದುಡ್ಡು ತುಂಬುವವರಿಗೂ ಮನೆ ಮಕ್ಕಳಿದ್ದಾರೆ. ಯಾರನ್ನೂ ಕೊಲ್ಲಬಾರದೆಂದು ನೀವು ಯೋಚಿಸಿದಿರಿ, ಸರಿ. ನಮ್ಮನ್ನು ಕಾಯುವವರಿಲ್ಲ ಎಂಬುದನ್ನು ನಮಗೆ ಹೇಳಬೇಕು ಎಂದು ಯಾಕೆ ಯೋಚಿಸಲಿಲ್ಲ? ಇನ್ನೊಂದು ಗಳಿಗೆಗೆ ಆ ಹೆಂಗಸಿನ ಮುಖ ಕಣ್ಣಿಗೆ ಬರುತ್ತಿತ್ತು. ನಿಜವಾದದ್ದೇ ಇದ್ದಿದ್ದರೆ ಅವಳು ಅಲ್ಲೇ ಮುಗಿದಿರುತ್ತಿದ್ದಳು. ನೀವು ಮಾಡಿದ್ದು ತಪ್ಪು ಎನ್ನಲೂ ಆಗದೆ, ಸರಿ ಎನ್ನಲೂ ಆಗದೆ ಅನ್ನ ಸೇರದ ಹಾಗಾಯಿತು. ದಿನಾ ವ್ಯಾನಿನಲ್ಲಿ ನಿಮ್ಮ ಬೆಲ್ಟನ್ನೇ ನೋಡುತ್ತಿದ್ದೆ.

ಹನ್ನೆರಡನೇ ದಿನ ಬಿಟಿಎಂ ಲೇಔಟಿನ ಆಫೀಸಿಗೆ ಹೋಗಿ, ನಮ್ಮ ಡ್ಯೂಟಿಗಳನ್ನು ನೋಡಿಕೊಳ್ಳುವ ಶ್ರೀಕರ್ ಸಾರ್ ಮುಂದೆ ಕೂತೆ. ಸಂಜೀವಣ್ಣನ ಕೈ ನಡುಗುತ್ತಿದೆ, ಗನ್ ಕೊಡಬೇಡಿ, ಕಂಟ್ರೋಲ್ ರೂಮಿನಲ್ಲಿ ಕ್ಯಾಮೆರಾ ನೋಡುವ ಕೆಲಸಕ್ಕೆ ಹಾಕಿ, ಕಾರ್ಡ್ ಉಳಿಯಲಿ ಎಂದು ಬೇಡಿಕೊಂಡೆ. ಅವರು ನನಗೆ ಕಾಫಿ ತರಿಸಿದರು. "ಆಯ್ತು ಶಿವರಾಜ್, ಕಂಟ್ರೋಲ್ ರೂಮ್‌ಗೇ ಹಾಕ್ತೀನಿ. ಮಾತು ಕೊಟ್ಟಿದೀನಲ್ಲ" ಅಂದರು. ಆ ಮಾತಿನ ಬಲದ ಮೇಲೆ, ಕೇಳದೆಯೇ, ಡಮ್ಮಿಗಳ ವಿಷಯವನ್ನೂ ಬಾಯಿಬಿಟ್ಟೆ. ಯಾರು ಮಾಡಿದ್ದು ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಮಾರನೆಯ ಬೆಳಿಗ್ಗೆ ನಡೆದದ್ದನ್ನು ನಿಮಗೆ ನೆನಪಿಸುವ ಅಗತ್ಯವಿಲ್ಲ. ಆದರೆ ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂಬುದನ್ನು ನೀವು ತಿಳಿಯಬೇಕು. ಎರಡು ವ್ಯಾನಿನವರೂ ಆಫೀಸಿನ ಅಂಗಳದಲ್ಲಿದ್ದರು. ಶ್ರೀಕರ್ ಸಾರ್ ನಿಮಗೆ ಬೆಲ್ಟ್ ಬಿಚ್ಚಿ ಮೇಜಿನ ಮೇಲೆ ಇಡಿ ಎಂದರು. ನೀವು ಬಕಲ್ ಬಿಚ್ಚಲು ಹೋದರೆ ಬೆರಳು ಕೇಳಲಿಲ್ಲ. ಮೂರು ಸಲ ಜಾರಿತು. ಯಾರೂ ಮುಂದೆ ಬರಲಿಲ್ಲ, ನಾನೂ ಬರಲಿಲ್ಲ. ಶ್ರೀಕರ್ ಸಾರ್ ಒಂದು ತೋಟಾ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಹಿಂಭಾಗವನ್ನು ಉಗುರಿನಿಂದ ಕೆರೆದರು. ನೀವು ಆಮೇಲೆ ರಬ್ಬರಿಗೆ ಹಚ್ಚಿದ್ದ ಹಿತ್ತಾಳೆ ಬಣ್ಣ ಉಗುರಿಗೆ ಬಂತು. "ಇದನ್ನ ಯಾರು ಮಾಡ್ಕೊಟ್ಟಿದ್ದು?" ಎಂದು ಕೇಳಿದರು.

ನೀವು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಿರಿ. ಆಮೇಲೆ, "ನಾನೇ ಮಾಡ್ದೆ" ಅಂದಿರಿ.

ತಕ್ಕಡಿಯಲ್ಲಿ ತೂಗಿ ಮೇಣ ಇಟ್ಟವನು ನಾನು. ಅಷ್ಟು ಸಣ್ಣ ಕೆಲಸ ನಿಮ್ಮ ಆ ಕೈಯಿಂದ ಸಾಧ್ಯವೇ ಇಲ್ಲವೆಂದು, ಬಕಲ್ ಜಾರಿದ್ದನ್ನು ನೋಡಿದ ಯಾರಿಗಾದರೂ ತಿಳಿಯಬೇಕಿತ್ತು. ಯಾರಿಗೂ ತಿಳಿಯಲಿಲ್ಲ, ಅಥವಾ ತಿಳಿದೂ ಬೇಡವೆನಿಸಿತು. ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ನನ್ನ ಕೆಲಸವೂ ಆ ಮೇಜಿನ ಮೇಲೇ ಹೋಗುತ್ತಿತ್ತು. ಕಂಟ್ರೋಲ್ ರೂಮಿನ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಗಂಟೆಯೊಳಗೆ ನಿಮ್ಮನ್ನು ಗೇಟಿನಾಚೆ ಕಳಿಸಿದರು. ನಾನು ಅದೇ ವ್ಯಾನ್ ಹತ್ತಿ, ಅದೇ ಎಟಿಎಂಗಳಿಗೆ ಹೋದೆ. ನಿಮ್ಮ ಜಾಗದಲ್ಲಿ ಹೊಸಬನೊಬ್ಬ ನಿಂತಿದ್ದ.

ಅಣ್ಣ, ನಿಮ್ಮ ಕೈ ನಡುಗುವುದನ್ನು ಹೇಳಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಇವತ್ತೂ ಅದನ್ನೇ ಹೇಳುತ್ತೇನೆ, ಇನ್ನೂ ಬೇಗ ಹೇಳುತ್ತೇನೆ. ನಿಮ್ಮ ಹಿಂದೆ ಹೋಗಿ ಹೇಳುವುದಿಲ್ಲ, ಮೊದಲು ನಿಮಗೇ ಹೇಳುತ್ತೇನೆ, ಅಷ್ಟೇ. ನಾನು ಕ್ಷಮೆ ಕೇಳುವುದು ಆ ಮೇಜಿನ ಮುಂದಿನ ಮೌನಕ್ಕೆ. ನೀವು ನನ್ನನ್ನು ಉಳಿಸಿದಿರಿ. ಉಳಿಸಲು ನಾನು ಬಿಟ್ಟೆ.

ಸೆಪ್ಟೆಂಬರಿನಲ್ಲಿ ಸಾರಕ್ಕಿಯ ಮನೆ ಖಾಲಿ ಮಾಡಿ ಮಗಳು ಶಿಲ್ಪಶ್ರೀಯ ಮನೆಗೆ ಹೋದಿರಿ ಎಂದು ಕೆಳಗಿನ ಮನೆಯವರು ಹೇಳಿದರು. ಕಾರ್ಡಿನ ಅವಧಿ ಮುಗಿದ ಮೇಲೆ ವಿಮಲಕ್ಕನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಯಂತ್ರ ಸಿಕ್ಕಿದೆ ಎಂದೂ ಅವರೇ ಹೇಳಿದರು. ನವೆಂಬರಿನ ಒಂದು ಮಂಗಳವಾರ, ನನ್ನ ವಾರದ ರಜೆಯ ದಿನ, ಅಲ್ಲಿಗೆ ಹೋದೆ. ದೂರದಿಂದ ನೋಡಿ ಬರೋಣವೆಂದುಕೊಂಡಿದ್ದೆ. ವಿಮಲಕ್ಕ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಶಿಲ್ಪಶ್ರೀ ಕೆಲಸಕ್ಕೆ ಹೋಗುತ್ತಾಳೆ, ಮಗುವನ್ನು ನೀವು ನೋಡಿಕೊಳ್ಳುತ್ತೀರಿ, ಅದಕ್ಕೇ ಅವರೊಬ್ಬರೇ ಮೆಟ್ರೋದಲ್ಲಿ ಬರುತ್ತಾರೆ. ನನ್ನನ್ನು ಕಂಡವರೇ ಬ್ಯಾಗ್ ಸರಿಸಿ ಜಾಗ ಮಾಡಿದರು. ನಾನು ಅತ್ತೆ. ಅವರು ಅಳು ನಿಲ್ಲುವವರೆಗೆ ಕಾದು ಹೇಳಿದರು: "ಅವ್ರ ಅಂಗಿ ಗುಂಡಿ ಒಂದ್ ವರ್ಷದಿಂದ ನಾನೇ ಹಾಕ್ತಿದ್ದೆ ಶಿವು. ನಂಗೆ ಗೊತ್ತಿರ್ಲಿಲ್ವಾ? ನಾನೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ಇಬ್ರೂ ಸೇರಿ ಅವ್ರನ್ನ ಒಂಟಿ ಮಾಡಿದ್ವಿ."

ಅಂದಿನಿಂದ ಪ್ರತಿ ಮಂಗಳವಾರ ನಾನು ಅಲ್ಲಿರುತ್ತೇನೆ. ನಾಲ್ಕು ಗಂಟೆ ಹೊರಗೆ ಕೂತಿದ್ದು, ಮುಗಿದ ಮೇಲೆ ಅವರನ್ನು ಮೆಟ್ರೋ ಸ್ಟೇಷನ್ನಿಗೆ ಬಿಟ್ಟು ಬರುತ್ತೇನೆ. ಪಕ್ಕದ ಬೆಡ್ಡಿನವರ ಮಗಳು ಜೊತೆಗಿರುತ್ತಾಳೆ ಎಂದು ಅವರು ನಿಮಗೆ ಹೇಳಿರುವುದು ಸುಳ್ಳು. ನನ್ನ ಸಲುವಾಗಿ ಆಡಿದ ಸುಳ್ಳು, ಅವರನ್ನು ಬೈಯಬೇಡಿ. ನಿಮಗೆ ನರದ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಮಧ್ಯಾಹ್ನದ ಹೊತ್ತು ಕೈ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ಮೊಮ್ಮಗಳನ್ನು ಎತ್ತಿಕೊಳ್ಳದೆ ಚಾಪೆಯ ಮೇಲೆ ಅವಳ ಪಕ್ಕದಲ್ಲೇ ಮಲಗಿ ಆಡಿಸುತ್ತೀರಿ ಎಂದೆಲ್ಲ ತಿಳಿದದ್ದು ಅವರಿಂದಲೇ.

ಇನ್ನೊಂದು ವಿಷಯ. ಹೋದ ತಿಂಗಳು ಆ ಅಂಜನಾ ಮತ್ತೆ ಸಿಕ್ಕಿದಳು, ಅದೇ ಎಟಿಎಂ ಮುಂದೆ. ನಿಮ್ಮನ್ನು ಕೇಳಿದಳು. "ಆ ಅಂಕಲ್ ಇಲ್ವಾ? ಅವತ್ತು ಪಾಪ ಎಷ್ಟ್ ತಾಳ್ಮೆಯಿಂದ ಕಾರ್ಡ್ ಕೊಡಿಸಿದ್ರು" ಅಂದಳು. ಅವಳ ಸ್ಕೂಟರಿನ ಹಿಂದೆ ತರಕಾರಿ ಚೀಲ ಇತ್ತು. ನಾನು ಅವಳ ಜೊತೆ ಮಾತಾಡುತ್ತಲೇ ಅವಳು ಬದುಕಿರುವುದನ್ನು ನೋಡುತ್ತಿದ್ದೆ. ಆ ಸಂಜೆ ಮನೆಗೆ ಬಂದು, ಹೆಂಡತಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವಳು, ಆಫೀಸಿಗೆ ಬರೆದುಕೊಡಿ, ಆಮೇಲೆ ಆದದ್ದಾಗಲಿ ಎಂದಳು.

ಬರೆದುಕೊಟ್ಟೆ. ಆ ಹತ್ತು ತೋಟಾ ಮಾಡಿದ್ದು ನಾನು, ಸಂಜೀವಯ್ಯನವರಲ್ಲ. ಅವರ ಬೆಲ್ಟಿನಲ್ಲಿ ಅವೇ ಇವೆ ಎಂದು ಹನ್ನೊಂದು ದಿನ ಗೊತ್ತಿದ್ದೂ ಮುಚ್ಚಿಟ್ಟವನು ನಾನು. ಅವರನ್ನು ಕಂಟ್ರೋಲ್ ರೂಮಿಗೆ ಹಾಕುವುದಾಗಿ ನನಗೆ ಕೊಟ್ಟ ಮಾತು ನಡೆಯಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ರುಜು ಹಾಕಿ ಶ್ರೀಕರ್ ಸಾರ್ ಮೇಜಿನ ಮೇಲಿಟ್ಟೆ. ಅವರು ಓದಿ, ಇದೆಲ್ಲ ಈಗ ಯಾಕೆ ಎಂದು ಬೇಸರದಿಂದ ಕೇಳಿದರು. ಎರಡು ದಿನದಲ್ಲಿ ನನ್ನನ್ನೂ ತೆಗೆದರು. ನಾನು ನನ್ನ ಲೈಸೆನ್ಸಿನ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಚೀಟಿ ಪಡೆದುಕೊಂಡೆ. ಈಗ ಬಿಳೇಕಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹಗಲು ಡ್ಯೂಟಿ. ಕೈಯಲ್ಲಿ ಒಂದು ವಿಸಲ್, ಒಂದು ಪುಸ್ತಕ. ಬಂದವರ ಹೆಸರು ಬರೆದುಕೊಳ್ಳಬೇಕು. ಇಲ್ಲೂ ಮಂಗಳವಾರವೇ ರಜೆ ಕೇಳಿ ತೆಗೆದುಕೊಂಡಿದ್ದೇನೆ. ಇದರಿಂದ ನಿಮಗೆ ಏನೂ ವಾಪಸ್ ಬರಲಿಲ್ಲ, ಗೊತ್ತು. ನಿಮ್ಮ ಕೆಲಸ ಬರಲಿಲ್ಲ, ಆ ಅಂಗಳದ ಅವಮಾನ ಅಳಿಯಲಿಲ್ಲ. ನಿಮ್ಮ ಬಾಯಿಂದ ನನಗಾಗಿ ಹೊರಟ ಆ ಸುಳ್ಳನ್ನು ನಾನು ಹೊತ್ತುಕೊಂಡು ತಿರುಗಲಾರದೆ ಹೀಗೆ ಮಾಡಿದೆ.

ಹೋದ ಮಂಗಳವಾರ ವಿಮಲಕ್ಕ ಹೇಳಿದರು, ಇನ್ನು ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ, ನೀನು ಬರೆದುಕೊಡು, ನಾನು ತಲುಪಿಸುತ್ತೇನೆ ಎಂದು. ಹಾಗಾಗಿ ಇದು ನಾಡಿದ್ದು ಅವರ ಬ್ಯಾಗಿನಲ್ಲಿ ನಿಮ್ಮ ಮನೆಗೆ ಬರುತ್ತದೆ. ಓದದೆ ಹರಿದರೆ ಅದೂ ನಿಮ್ಮ ಇಷ್ಟ.

ನಾಲ್ಕು ಗಂಟೆ ಆ ಬೆಂಚಿನ ಮೇಲೆ ಕೂರುವುದು ದೀರ್ಘ, ಅಣ್ಣ. ಅದರ ಮುಂದಿನ ಮಂಗಳವಾರ ಶಿಲ್ಪಶ್ರೀಗೆ ರಜೆಯಂತೆ, ಮಗು ಅವಳ ಹತ್ತಿರ ಇರುತ್ತದಂತೆ. ಬೈಯುವುದಕ್ಕಾದರೂ ಬನ್ನಿ. ಎಲ್ಲರ ಮುಂದೆ ಬೈಯಿರಿ, ನಾನು ಎದ್ದು ನಿಂತು ಕೇಳಿಸಿಕೊಳ್ಳುತ್ತೇನೆ. ನೀವು ಸದ್ದಿಲ್ಲದೆ ಇರುವುದಕ್ಕಿಂತ ಅದು ನನಗೆ ಹಗುರ.

ಮಾತ್ರೆ ನಿಮ್ಮ ಕೈಗೆ ನೆಮ್ಮದಿ ಕೊಡಲಿ, ವಿಮಲಕ್ಕನ ರಕ್ತ ಹಗುರವಾಗಿ ಹರಿಯಲಿ, ಮೊಮ್ಮಗಳು ನಿಮ್ಮ ಪಕ್ಕದಲ್ಲಿ ಅಂಜದೆ ನಿದ್ದೆ ಮಾಡಲಿ.

ನಿಮ್ಮಿಂದ ಕೆಲಸ ಕಲಿತವನು,
ಶಿವು